ನಿಮ್ಮದೊಂದೇ ಬಾಕಿ

೧೪ ಅಕ್ಟೋಬರ್, ಬಾಲೋತರಾ

ಬೆಳಕು ಹರಿಯುತ್ತಲೇ ಬೀರಾ ಬಂದು ಬಾಗಿಲಲ್ಲಿ ಹಾರನ್ ಹೊಡೆದ. ಜೋಧಪುರದವರಿಗೆಲ್ಲ ಅವನು ಹಾರ್ಡ್‌ವೇರ್ ಅಂಗಡಿಯ ಜೇಠಮಲ್ ರಾಠಿ. ನನಗೆ ಮಾತ್ರ ಇಂದಿಗೂ ಬೀರಾ, ಪೋಕರಣದ ಗಲ್ಲಿಗಳಲ್ಲಿ ನಾನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದ ತಮ್ಮ. ತಂಗಿ ಇಮರತಿ ಆಗಲೇ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕುಳಿತಿದ್ದಳು. ನಾನೂ ಹಿಂದೆ ಹತ್ತಲು ಹೋದೆ.

"ಜೀಜಿ, ನೀನು ಮುಂದೆ ಕೂತ್ಕೋ. ಅಕ್ಕನಿಗೋಸ್ಕರ ಹೊರಟಿರೋ ಪ್ರವಾಸ ಇದು, ಹಿಂದೆ ಕೂತ್ರೆ ಏನು ಕಾಣುತ್ತೆ?" ಎಂದು ತಾನೇ ಇಳಿದು ಬಂದು ಬಾಗಿಲು ತೆಗೆದ. ನನ್ನ ಪಾಲಿಗೆ ಯಾರಾದರೂ ಕಾರಿನ ಬಾಗಿಲು ತೆಗೆದು ಎಷ್ಟು ವರ್ಷವಾಯಿತೋ.

ಮೂವತ್ತು ವರ್ಷ ನಾಲ್ಕನೇ ತರಗತಿಯ ಹುಡುಗಿಯರಿಗೆ ಕಿರಾಡು, ಕುಲಧರಾ, ಜೈಸಲ್ಮೇರ್ ಕೋಟೆ ಎಂದು ಪಾಠ ಹೇಳಿದೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಮೊದಲು ಅತ್ತೆಮಾವ, ಆಮೇಲೆ ಇವರ ಕಾಯಿಲೆ, ಇವರು ಹೋದ ಮೇಲೆ ಮಗಳು ಹೇಮಾಳ ಓದು. ಜೂನ್‌ನಲ್ಲಿ ನಾನು ನಿವೃತ್ತಳಾದ ದಿನ ಬೀರಾ ಹಾರ ಹಾಕಿ ಹೇಳಿದ್ದ: "ಹೇಮಾ ಮದುವೆಗೆ ಮೊದಲು ನಿನಗೆ ಇಡೀ ಮರುಭೂಮಿ ಸುತ್ತಿಸ್ತೀನಿ. ಕೊನೆಗೆ ಪೋಕರಣಕ್ಕೆ ಹೋಗಿ ಅವ್ವನ ಕೋಣೆ ತೆಗೆದು ಒಂದು ದಿನ ಇದ್ದು ಬರೋಣ." ಅವ್ವ ತೀರಿಕೊಂಡಂದಿನಿಂದ ತವರುಮನೆಗೆ ಬೀಗ. ಆ ಮಾತು ಕೇಳಿ ನಾನು ಸ್ಟಾಫ್‌ರೂಮಿನಲ್ಲೇ ಅತ್ತುಬಿಟ್ಟಿದ್ದೆ.

ಖೇಡದ ಗುಡಿ ನೋಡಿದೆವು. ಲೂಣಿ ನದಿ ಒಣಗಿ ಉಪ್ಪಿನಿಂದ ಬಿಳುಚಿಕೊಂಡಿತ್ತು. ಬಾಲೋತರಾದಲ್ಲಿ ಬಣ್ಣ ಅದ್ದಿದ ಬಟ್ಟೆಯನ್ನು ಬಯಲಿಗೆ ಬಯಲೇ ಹರವಿದ್ದರು. ಬೀರಾ ಬೇಡವೆಂದರೂ ಕೇಳದೆ ನನಗೊಂದು ಸೀರೆ ಕೊಡಿಸಿದ. ಇಮರತಿಗೂ ಕೊಡಿಸು ಎಂದೆ. "ಅವಳಿಗೆ ಆಮೇಲೆ," ಎಂದ. ಇಮರತಿ ಆಗಲೇ ಕಾರಿನ ಕಡೆ ನಡೆದಿದ್ದಳು. ಮೊದಲಾಗಿದ್ದರೆ ಅಂಗಡಿ ತಲೆಮೇಲೆ ಮಾಡುತ್ತಿದ್ದಳು.

೧೫ ಅಕ್ಟೋಬರ್, ಬಾಡಮೇರ್

ದಾರಿಯ ಧಾಬಾದಲ್ಲಿ ಸಜ್ಜೆ ರೊಟ್ಟಿ, ಕಾಚರಿ ಚಟ್ನಿ. ರೊಟ್ಟಿ ಮುರಿದು ತುಪ್ಪ ಸುರಿದು ನನ್ನ ತಟ್ಟೆಗೆ ಹಾಕುತ್ತಲೇ ಇದ್ದ ಬೀರಾ. ಧಾಬಾದ ಮುದುಕಿ ನೋಡಿ, "ಇಂಥ ತಮ್ಮ ಎಲ್ಲಿ ಸಿಗ್ತಾನೆ ತಾಯಿ? ನಮ್ಮೋನು ರಾಖಿ ಹಬ್ಬಕ್ಕೆ ಫೋನ್ ಕೂಡ ಎತ್ತಲ್ಲ," ಎಂದಳು. ನನಗೆ ಹೆಮ್ಮೆಯಿಂದ ಊಟವೇ ಹೆಚ್ಚಾಗಿ ಹೋಯಿತು.

ಊಟವಾದ ಮೇಲೆ ಮಾಯರಾ ಮಾತು. ಸೋದರಮಾವ ಬಾಜಾಬಜಂತ್ರಿಯೊಂದಿಗೆ ಉಡುಗೊರೆ ಹೊತ್ತು ಬರಬೇಕು, ಬಾಗಿಲಲ್ಲಿ ಎಲ್ಲರ ಎದುರು ಅಕ್ಕನಿಗೆ ಓಢಣಿ ಹೊದಿಸಬೇಕು. ಗಂಡನಿಲ್ಲದವಳ ಮಗಳ ಮದುವೆಯಲ್ಲಿ ಅದೊಂದೇ ಬಲ. "ಎಂಥ ಮಾಯರಾ ತರ್ತೀನಿ ನೋಡು ಜೀಜಿ. ಗಂಡಿನ ಕಡೆಯೋರು ತೆರೆದ ಬಾಯಿ ಮುಚ್ಚಬಾರದು, ಹಾಗೆ!" ಎಂದು ಮೇಜು ಕುಟ್ಟಿದ.

"ಅಷ್ಟೆಲ್ಲ ಯಾಕೋ, ನೀನು ಬಂದು ನಿಂತರೆ ಸಾಕು," ಎಂದೆ.

ರಾತ್ರಿ ಇಮರತಿ ಹೊಟ್ಟೆನೋವೆಂದು ಊಟ ಬಿಟ್ಟಳು. ಅವಳಿಗೆ ಏನೋ ಸರಿಯಿಲ್ಲ. ನಾಳೆ ಓಮದ ನೀರು ಮಾಡಿಸಿ ಕೊಡಬೇಕು.

೧೬ ಅಕ್ಟೋಬರ್, ಬಾಡಮೇರ್

ಕಿರಾಡು! ಪುಸ್ತಕದಲ್ಲಿ ಹೆಬ್ಬೆರಳಿನಷ್ಟಿದ್ದ ಚಿತ್ರ ಇಷ್ಟು ದೊಡ್ಡದೆಂದು ಗೊತ್ತೇ ಇರಲಿಲ್ಲ. ಗುಡ್ಡದ ಬುಡದಲ್ಲಿ ಮುರಿದ ಗುಡಿಗಳು, ಕಂಬಕಂಬಕ್ಕೂ ಆನೆ, ನರ್ತಕಿ, ಯುದ್ಧ. ಮುಟ್ಟಿದರೆ ಕಲ್ಲು ಬಿಸಿಯಾಗಿತ್ತು. ಎಷ್ಟೋ ಹೊತ್ತು ಒಬ್ಬಳೇ ಕುಳಿತೆ. ಬೀರಾ ನಡುವೆ ಮೂರ್ನಾಲ್ಕು ಸಲ ಫೋನಿನಲ್ಲಿ ಮಾತಾಡಲು ದೂರ ಹೋಗಿ ಬಂದ. ಅಂಗಡಿಯ ಗಲಾಟೆಯಂತೆ. ಪಾಪ, ನನಗೋಸ್ಕರ ವ್ಯಾಪಾರ ಬಿಟ್ಟು ಬಂದಿದ್ದಾನೆ.

ಬಿಸಿಲು ಇಳಿಯುತ್ತಲೇ ಕಾವಲುಗಾರ ಸೀಟಿ ಊದಿದ. "ಹೊರಡಿ ಹೊರಡಿ. ಕತ್ತಲಾದ ಮೇಲೆ ಇಲ್ಲಿ ಉಳಿದೋರು ಕಲ್ಲಾಗ್ತಾರೆ."

"ನಮ್ಮ ಜೀಜಿ ಕಲ್ಲಾಗಲ್ಲಪ್ಪ," ಎಂದು ಬೀರಾ ನಕ್ಕ. "ಬೆಣ್ಣೆ ಅವಳು. ಜೀವ ಕೇಳಿದ್ರೂ ಕೊಟ್ಟುಬಿಡ್ತಾಳೆ."

ಅವನು ನನ್ನನ್ನು ಎಷ್ಟು ಚೆನ್ನಾಗಿ ಬಲ್ಲ.

೧೭ ಅಕ್ಟೋಬರ್, ಜೈಸಲ್ಮೇರ್

ದಾರಿಯುದ್ದಕ್ಕೂ ಗಾಳಿಯಂತ್ರಗಳು, ಅವುಗಳ ಕೆಳಗೆ ಕುರಿಗಳು. ಶಿವ್ ಎಂಬ ಊರು ದಾಟಿದ ಮೇಲೆ ಮರಳು ರಸ್ತೆಗೇ ಹರಿದು ಬಂದಿತ್ತು. ದೂರದಿಂದ ಕೋಟೆ ಕಂಡಾಗ ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆನಂತೆ, ಇಮರತಿ ಹೇಳಿದಳು. ಇಷ್ಟನ್ನು ಬರೆದು ಮಲಗಬೇಕಿತ್ತು.

ಕೋಟೆಯೊಳಗಿನ ಒಂದು ಹಳೆಯ ಹವೇಲಿಯನ್ನು ಹೋಟೆಲ್ ಮಾಡಿದ್ದಾರೆ. ಅಲ್ಲೇ ನಮ್ಮ ವಾಸ್ತವ್ಯ. ಒಡೆಯ ಸಗತ್ ಸಿಂಗ್ ತಾನೇ ಬಂದು ಬರಮಾಡಿಕೊಂಡ, ಚಹಾ ತರಿಸಿದ, ಘೋಟುವಾ ಲಾಡು ಇಟ್ಟ. ಇಷ್ಟು ಉಪಚಾರ ಎಲ್ಲ ಅತಿಥಿಗಳಿಗೂ ಇರುತ್ತದೇನೋ ಎಂದುಕೊಂಡೆ. ಬೀರಾ ಕಾರು ನಿಲ್ಲಿಸಲು ಕೆಳಗೆ ಹೋಗಿದ್ದ. ಇಮರತಿ ಕೈ ತೊಳೆಯಲು ಹೋಗಿದ್ದಳು.

"ಬಾಯಿಸಾ, ಜೇಠಮಲ್‌ಜಿಯ ಅಕ್ಕ ನೀವೇ ಅಲ್ವಾ?" ಎಂದ ಆತ, ಕೈ ಮುಗಿದು. "ನಿಮ್ಮ ಪೋಕರಣದ ಮನೆ ನೋಡಿದ ದಿನವೇ ಮನಸ್ಸು ಸೋತೆ. ಏನು ಜಾಲಂಧ್ರ, ಏನು ಕೆತ್ತನೆ! ನೀವು ಚಿಂತೆ ಮಾಡಬೇಡಿ, ಒಂದು ಕಲ್ಲೂ ಅಲುಗಿಸಲ್ಲ. ಹೋಟೆಲ್ ಆದ ಮೇಲೆ ಯಾವಾಗ ಬಂದ್ರೂ ನಿಮಗೊಂದು ಕೋಣೆ ಇದ್ದೇ ಇರುತ್ತೆ."

ನನಗೆ ಅರ್ಥವಾಗಲಿಲ್ಲ. "ಯಾರ ಮನೆ?" ಎಂದೆ.

"ನಿಮ್ಮದೇ. ಸೋಮವಾರ ತಹಸೀಲ್‌ನಲ್ಲಿ ನಿಮ್ಮ ಸಹಿ ಆದ್ರೆ ಮುಗೀತು. ಎಲ್ಲರದ್ದೂ ಆಯ್ತು, ನಿಮ್ಮದೊಂದೇ ಬಾಕಿ. ಜೇಠಮಲ್‌ಜಿ ಹೇಳ್ತಿದ್ರು, ಅಕ್ಕನ್ನ ಒಂದು ಸುತ್ತು ಸುತ್ತಿಸಿ ಖುಷಿ ಮಾಡಿ ಕರ್ಕೊಂಡು ಬರ್ತೀನಿ ಅಂತ."

ಆತ ಒಳ್ಳೆಯವನು. ನಗುತ್ತಲೇ ಹೇಳಿದ. ನಾನೂ ನಕ್ಕೆ. ಲಾಡು ಬಾಯಲ್ಲಿತ್ತು, ಅದನ್ನು ನುಂಗಿದೆ.

ಈಗ ಇಮರತಿ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಎಲ್ಲರದ್ದೂ ಆಯ್ತು ಎಂದನಲ್ಲ ಆತ. ನಾವು ಇರುವುದೇ ಮೂವರು.

೧೮ ಅಕ್ಟೋಬರ್, ಜೈಸಲ್ಮೇರ್

ತಲೆನೋವೆಂದು ಹೇಳಿ ಎಲ್ಲಿಗೂ ಹೋಗಲಿಲ್ಲ.

ಕಾರಿನ ಬಾಗಿಲು. ಸೀರೆ. ತುಪ್ಪ. ದೂರ ಹೋಗಿ ಮಾತಾಡಿದ ಫೋನು. ನಿವೃತ್ತಿಯ ದಿನದ ಹಾರ ಕೂಡ ಇರಬಹುದೇ? ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೇ? ಒಂದೊಂದನ್ನೇ ತಿರುವಿ ನೋಡುತ್ತಿದ್ದೇನೆ, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ.

ಕೇಳಿದ್ದರೆ ಕೊಡುತ್ತಿದ್ದೆ. ರಾಖಿಯ ದಿನ ಕೈ ಚಾಚಿದಾಗ, ಜೀಜಿ, ಮನೆ ನನಗೆ ಬೇಕು ಎಂದಿದ್ದರೆ, ತಗೋ ಎನ್ನುತ್ತಿದ್ದೆ. ನಮ್ಮ ಕಡೆ ಯಾವ ಅಕ್ಕತಂಗಿ ಪಾಲು ಕೇಳಿದ್ದಾಳೆ?

ಸಂಜೆ ಅವನು ತಲೆನೋವಿನ ಮಾತ್ರೆ ತಂದುಕೊಟ್ಟ. "ಏನಾಯ್ತು ಜೀಜಿ, ಬಿಸಿಲು ಹತ್ತಿತಾ?" ಎಂದು ಹಣೆ ಮುಟ್ಟಿ ನೋಡಿದ. ಆ ಕೈಯನ್ನು ಹೇಗೆ ಸಹಿಸಿಕೊಂಡೆನೋ.

೧೯ ಅಕ್ಟೋಬರ್, ಜೈಸಲ್ಮೇರ್

ಇವತ್ತು ಕುಲಧರಾ. ಹಿಂದಿನ ಸೀಟಿನಲ್ಲಿ ಕುಳಿತೆ. ಮುಂದೆ ಬಿಸಿಲು ಹೊಡೆಯುತ್ತದೆ ಎಂದೆ. ಜೇಠಮಲ್ ಒಂದು ಸಲ ಕನ್ನಡಿಯಲ್ಲಿ ನನ್ನನ್ನು ನೋಡಿದ.

ಸೂರಿಲ್ಲದ ಮನೆಗಳು, ಸಾಲುಸಾಲು. ಇಲ್ಲಿದ್ದ ಪಾಲಿವಾಲ ಬ್ರಾಹ್ಮಣರೆಲ್ಲ ಒಂದೇ ಇರುಳಿನಲ್ಲಿ ಊರು ಬಿಟ್ಟರು ಎನ್ನುತ್ತಾರೆ. "ಅಷ್ಟು ಜನರಲ್ಲಿ ಒಬ್ಬರೂ ಗುಟ್ಟು ಬಿಡಲಿಲ್ವಾ ಟೀಚರ್?" ಎಂದು ಪ್ರತಿ ವರ್ಷ ಯಾವಳಾದರೂ ಒಬ್ಬ ಹುಡುಗಿ ಕೇಳುತ್ತಿದ್ದಳು. ಅದು ಕಥೆ ಕಣೇ, ಎಂದು ನಾನು ತೇಲಿಸಿಬಿಡುತ್ತಿದ್ದೆ. ಗುಟ್ಟು ಇಟ್ಟುಕೊಳ್ಳುವುದು ಜನರಿಗೆ ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಜೇಠಮಲ್ ನೀರಿನ ಬಾಟಲಿ ತರಲು ಹೋದ. ಒಂದು ಮೊಂಡುಗೋಡೆಯ ನೆರಳಲ್ಲಿ ಇಮರತಿಯನ್ನು ಕೂರಿಸಿಕೊಂಡು ಕೇಳಿದೆ, "ಯಾವಾಗ ಸಹಿ ಹಾಕಿದೆ?"

ಅವಳು ನಿರಾಕರಿಸುತ್ತಾಳೆಂದು ಎದುರುನೋಡಿದ್ದೆ. ಅಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. "ರಾಖಿ ಆದ ಮಾರನೇ ದಿನ," ಎಂದಳು.

"ನನಗೆ ಯಾಕೆ ಹೇಳಲಿಲ್ಲ?"

"ಭಾಯ್‌ಸಾ ಬೇಡ ಅಂದ. ಜೀಜಿಗೆ ಅವ್ವನ ಮನೆ ಅಂದ್ರೆ ಹುಚ್ಚು, ಈಗಲೇ ಹೇಳಿದ್ರೆ ರಂಪ ಮಾಡ್ತಾಳೆ, ಅಲ್ಲಿಗೆ ಹೋದ ಮೇಲೆ ಮೆಲ್ಲಗೆ ಹೇಳೋಣ ಅಂದ. ನಮ್ಮ ಗೋಪಾಲನಿಗೆ ಹೋಟೆಲ್‌ನಲ್ಲಿ ಕೆಲಸ ಕೊಡಿಸ್ತಾನಂತೆ. ಬೆಳೆದ ಮಗ ಮೂರು ವರ್ಷದಿಂದ ಮನೇಲಿ ಕೂತಿದ್ದಾನೆ ಜೀಜಿ, ನನ್ನ ಕಷ್ಟ ನಿನಗೇನು ಗೊತ್ತು? ನಿನಗೆ ಪೆನ್ಶನ್ ಬರುತ್ತೆ."

"ಅದಕ್ಕೆ ನೀನೂ ಕಾರು ಹತ್ತಿದೆ."

"ನೀನು ಒಬ್ಬಳೇ ಆಗಬಾರದು ಅಂತ ಬಂದೆ!" ಎಂದು ಅಳತೊಡಗಿದಳು. "ಎಲ್ಲ ಅಕ್ಕತಂಗೀರೂ ಬಿಟ್ಟುಕೊಡೋದೇ ತಾನೇ? ಪಾಲು ತಗೊಂಡ್ರೆ ತವರಿನ ಬಾಗಿಲು ಮುಚ್ಚಿ ಹೋಗುತ್ತೆ."

"ಮಾರಿದ ಮನೆಗೆ ಯಾವ ಬಾಗಿಲೇ, ಹುಚ್ಚಿ?" ಎಂದೆ.

ಅವಳ ಕಣ್ಣೊರೆಸಲು ನನ್ನ ಸೆರಗು ತಾನಾಗಿ ಮುಂದೆ ಹೋಯಿತು. ಚಿಕ್ಕಂದಿನ ಅಭ್ಯಾಸ. ಅರ್ಧಕ್ಕೆ ನಿಲ್ಲಿಸಿದೆ. ಅವಳು ತನ್ನ ಸೆರಗಿನಲ್ಲೇ ಒರೆಸಿಕೊಂಡಳು.

೨೦ ಅಕ್ಟೋಬರ್, ಪೋಕರಣ

ಮನೆ. ಕೋಟೆಯ ಹಿಂದಿನ ಗಲ್ಲಿ, ಅದೇ ಕೆಂಪು ಕಲ್ಲು. ಬೀಗ ತೆಗೆದಾಗ ಬಾವಲಿಯ ವಾಸನೆ ಬಂತು. ಅಂಗಳದ ಪಾತ್ರೆ, ಹಂಡೆ, ತೊಟ್ಟಿಲು ಒಂದೂ ಇಲ್ಲ. ಅವ್ವನ ಕೋಣೆ ಮಹಡಿಯಲ್ಲಿ. ನಾನು ಹತ್ತಿ ಹೋದೆ. ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಏಳು ಎಂದು ಬರೆದಿತ್ತು. ಪಕ್ಕದ್ದಕ್ಕೆ ಎಂಟು. ನಾವು ಹಪ್ಪಳ ಒಣಗಿಸುತ್ತಿದ್ದ ಕೋಣೆಗೆ ಒಂಬತ್ತು. ಅತಿಥಿಗಳ ಕೋಣೆಗಳಿಗೆ ಅಂಕಿ ಬೇಕಲ್ಲ.

ಜೇಠಮಲ್ ಹಿಂದೆಯೇ ಬಂದ. ಇಮರತಿ ಹೇಳಿರಬೇಕು, ಇನ್ನು ಮುಚ್ಚಿಡುವ ಕಷ್ಟ ತೆಗೆದುಕೊಳ್ಳಲಿಲ್ಲ.

"ನೋಡು ಜೀಜಿ, ಯಾರಿಗೋಸ್ಕರ ಇಟ್ಕೊಳ್ಳೋದು ಇದನ್ನ? ಬಾವಲಿಗಳಿಗಾ? ಅಂಗಡಿ ನಡೀತಿಲ್ಲ ನಂದು. ಎದುರಿಗೇ ದೊಡ್ಡ ಅಂಗಡಿ ಬಂದು ಕೂತಿದೆ."

"ಅದನ್ನ ಹೇಳಬಹುದಿತ್ತಲ್ಲೋ."

"ಹೇಳಿದ್ರೆ ನೀನು ಅಳ್ತಿದ್ದೆ. ಈಗ್ಲೂ ಅಳ್ತೀಯಾ. ಅದಕ್ಕೇ ಮೊದಲು ನಾಲ್ಕು ದಿನ ಖುಷಿಯಾಗಿರ್ಲಿ ಅಂತ ಮಾಡಿದೆ. ಅದೂ ತಪ್ಪಾ? ಯಾವ ತಮ್ಮ ಇಷ್ಟು ಮಾಡ್ತಾನೆ?"

ನಾನು ಅಳುತ್ತಿರಲಿಲ್ಲ. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ನಾಳೆ ಸಹಿ ಮಾಡಿಬಿಡು. ಮುಂದಿನ ತಿಂಗಳು ಮಾಯರಾ ತಗೊಂಡು ನಾನು ನಿನ್ನ ಬಾಗಿಲಿಗೆ ಬರ್ಬೇಕು ತಾನೇ?" ಎಂದ. ಸಣ್ಣ ದನಿಯಲ್ಲಿ, ಪ್ರೀತಿಯಿಂದಲೇ ಎಂದ. ಇಡೀ ಪ್ರವಾಸದಲ್ಲಿ ಅವನು ಆಡಿದ ನೇರ ಮಾತು ಅದೊಂದೇ.

ಕೆಳಗೆ ಹೋದವನು ಊರಿನ ಚಮಚಮ್ ಸಿಹಿ ಕಟ್ಟಿಸಿಕೊಂಡು ಬಂದ. ನಾನು ತಿನ್ನಲಿಲ್ಲ. ನನಗೆ ಆ ಸಿಹಿ ಯಾವತ್ತೂ ಸೇರುತ್ತಿರಲಿಲ್ಲ. ಇಷ್ಟು ವರ್ಷ ಅವನಿಗೋಸ್ಕರ ತಿನ್ನುತ್ತಿದ್ದೆ.

ಅದೇ ದಿನ, ಸಂಜೆ

ಹೇಮಾಗೆ ಫೋನ್ ಮಾಡಿದೆ.

ಅವಳಿಗೂ ಗೊತ್ತಿತ್ತು.

೨೧ ಅಕ್ಟೋಬರ್, ಪೋಕರಣ

ನಿನ್ನೆ ಹೇಮಾ ಹೇಳಿದ್ದನ್ನು ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ. "ಮಾಮಾ ನನಗೆ ಆಗಸ್ಟ್‌ನಲ್ಲೇ ಹೇಳಿದ್ರು ಅಮ್ಮಾ. ಮದುವೆ ಟೈಮಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ನನ್ನ ಅತ್ತೆ ಮನೆಯೋರ ಎದುರು ಮಾಮಾ ಬರದೆ ಹೋದ್ರೆ ನಾನು ಹೇಗೆ ಮುಖ ತೋರಿಸ್ಲಿ? ಆ ಹಳೇ ಮನೆ ಕಟ್ಕೊಂಡು ಏನ್ ಮಾಡ್ತೀಯಾ? ನನಗೋಸ್ಕರ ಒಂದು ಸಹಿ ಹಾಕಕ್ಕಾಗಲ್ವಾ?"

ನನ್ನ ಸೂಟ್‌ಕೇಸ್ ತುಂಬಿಕೊಟ್ಟವಳು ಅವಳು. ಹೊಸ ಚಪ್ಪಲಿ ತಂದು, "ಅಮ್ಮಾ, ಚೆನ್ನಾಗಿ ಓಡಾಡಿ ಬಾ," ಎಂದಿದ್ದಳು.

ಆದ್ದರಿಂದ ಸಹಿ ಹಾಕುವುದೆಂದು ತೀರ್ಮಾನಿಸಿಯೇ ಬೆಳಿಗ್ಗೆ ಹೊರಟೆ. ಮಗಳ ಮದುವೆ ಕೆಡಿಸಿದ ತಾಯಿ ಎನ್ನಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಮನೆಗೆ ನಾನೇ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ತಹಸೀಲ್ ಕಚೇರಿಯ ವರಾಂಡದಲ್ಲಿ ನಮ್ಮ ಹಾಗೆಯೇ ಬಂದ ಹೆಂಗಸರು ಸುಮಾರು ಜನ. ತಲೆ ತುಂಬ ಸೆರಗು, ಪಕ್ಕದಲ್ಲಿ ಅಣ್ಣನೋ ತಮ್ಮನೋ. ಒಬ್ಬಳ ತಮ್ಮ ಅವಳಿಗೆ ಐಸ್ ಕ್ಯಾಂಡಿ ಕೊಡಿಸಿದ್ದ. ಅವಳು ಮಗುವಿನ ಹಾಗೆ ಅದನ್ನು ಚೀಪುತ್ತ, ತನ್ನ ಸರದಿಗೆ ಕಾಯುತ್ತಿದ್ದಳು.

ನಮ್ಮನ್ನು ಕರೆದರು. ಅಧಿಕಾರಿ ಕಾಗದದಿಂದ ತಲೆಯೆತ್ತದೆ ಕೇಳಿದರು, ದಿನವೂ ಕೇಳುವ ದನಿಯಲ್ಲಿ: "ಗವರಾ ದೇವಿ. ಯಾರ ಒತ್ತಾಯವೂ ಇಲ್ಲದೆ, ಪ್ರೀತಿ ವಿಶ್ವಾಸದಿಂದ ನಿಮ್ಮ ಪಾಲನ್ನ ತಮ್ಮನಿಗೆ ಬಿಟ್ಟುಕೊಡ್ತಿದ್ದೀರಾ?"

ಹೌದು ಎನ್ನಲು ಬಾಯಿ ತೆರೆದೆ.

"ಇಲ್ಲ," ಎಂದೆ.

ಅಧಿಕಾರಿ ತಲೆಯೆತ್ತಿದರು. "ಏನಂದ್ರಿ ತಾಯಿ?"

"ಪ್ರೀತಿ ಇದೆ. ವಿಶ್ವಾಸ ಇಲ್ಲ."

"ಜೀಜಿ!" ಎಂದು ಜೇಠಮಲ್ ನನ್ನ ತೋಳು ಹಿಡಿದ. "ಅವಳಿಗೆ ಹುಷಾರಿಲ್ಲ ಸಾಹೇಬ್ರೆ, ಪ್ರಯಾಣ ಮಾಡಿ ಸುಸ್ತಾಗಿದ್ದಾಳೆ."

"ಎರಡೂ ಇರಬೇಕು ತಾಯಿ, ಹಾಗಂತ ಬರೆದಿದೆ. ಇಲ್ಲಾಂದ್ರೆ ಆಗಲ್ಲ," ಎಂದು ಆತ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ಮುಂದಿನೋರು ಬನ್ನಿ."

ಹೊರಗೆ ಬೇವಿನ ಮರದ ಕೆಳಗೆ ಜೇಠಮಲ್ ಏನೆಲ್ಲ ಅಂದ. ಮಾಸ್ತರಿಕೆ ಮಾಡಿ ಮಾಡಿ ಕೊಬ್ಬು ಹತ್ತಿದೆ ಎಂದ. ಭಾವನನ್ನು ತಿಂದು ಮುಗಿಸಿ ಈಗ ತವರಿಗೆ ಬಂದೆ ಎಂದ. ಅಷ್ಟಕ್ಕೆ ಇಮರತಿ ಕೂಡ "ಭಾಯ್‌ಸಾ, ಸಾಕು," ಎಂದಳು. "ಹೇಮಾ ಮದುವೇಲಿ ನನ್ನ ದಾರಿ ನೋಡಬೇಡ," ಎಂದು ಕಾರು ಹತ್ತಿದ. ನನ್ನ ಸೂಟ್‌ಕೇಸನ್ನು ಧೂಳಿನಲ್ಲಿ ಇಳಿಸಿದ. ಇಮರತಿ ಒಂದು ಕ್ಷಣ ನನ್ನ ಹತ್ತಿರ, ಒಂದು ಕ್ಷಣ ಕಾರಿನ ಹತ್ತಿರ ನಿಂತಳು. ಆಮೇಲೆ ಮುಂದಿನ ಸೀಟು ಹತ್ತಿದಳು.

ಸೂಟ್‌ಕೇಸಿನ ಧೂಳು ಕೊಡವಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮನೆಗೆ ಮರಳಿ ಹೋಗಿ, ಹಿತ್ತಲ ನಲ್ಲಿಯಲ್ಲಿ ಬಟ್ಟೆ ನೆನೆಸಿ, ಬಾಗಿಲುಗಳ ಮೇಲಿನ ಅಂಕಿಗಳನ್ನು ಒರೆಸಿದೆ. ಎಂಟು ಸುಲಭವಾಗಿ ಹೋಯಿತು. ಅವ್ವನ ಬಾಗಿಲಿನದು ಮರದ ಸಂದಿಗೆ ಇಳಿದಿತ್ತು, ಉಗುರಿನಿಂದ ಕೆರೆಯಬೇಕಾಯಿತು.

೨೬ ಅಕ್ಟೋಬರ್, ಜೋಧಪುರ

ಹೇಮಾ ಮಾತಾಡುತ್ತಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ತನ್ನ ಕೋಣೆಗೆ ಹೋಗುತ್ತಾಳೆ. ನಾನು ನನಗೆ ಬೇಕಾದಷ್ಟು ಬಡಿಸಿಕೊಂಡು ಉಣ್ಣುತ್ತೇನೆ. ಉಪ್ಪು ಕಡಿಮೆ ಇದ್ದರೆ ಹಾಕಿಕೊಳ್ಳುತ್ತೇನೆ.

೯ ನವೆಂಬರ್

ಹೇಮಾ ಬಂದು ಹೊಸ್ತಿಲ ಮೇಲೆ ಕುಳಿತಳು. "ಮಾಮಾ ಬರದಿದ್ರೆ?"

"ಬರದಿದ್ರೆ ಬರಲ್ಲ. ಮದುವೆ ನಿಲ್ಲಲ್ಲ."

"ಜನ ಏನಂತಾರೆ?"

"ನಿನಗೆ ಆಗಸ್ಟ್‌ನಿಂದ ಗೊತ್ತಿತ್ತು, ನನಗೆ ಹೇಳಲಿಲ್ಲ. ಜನ ಅದಕ್ಕಿಂತ ಏನು ದೊಡ್ಡದು ಮಾಡ್ತಾರೆ?" ಎಂದೆ. ಜಗಳಕ್ಕಲ್ಲ, ನಿಜವಾಗಿಯೇ ಕೇಳಿದೆ. ಅವಳು ನನ್ನ ಮುಂದಿದ್ದ ಮೊರವನ್ನು ತನ್ನತ್ತ ಎಳೆದುಕೊಂಡಳು. ಎದ್ದು ಹೋಗಲಿಲ್ಲ. ಇಬ್ಬರೂ ಕುಳಿತು ಸಾಂಗರಿ ಕಾಯಿ ಆರಿಸಿದೆವು.

೨೨ ನವೆಂಬರ್

ನಾಳೆ ಮದುವೆ. ಮನೆ ತುಂಬ ಜನ. ಆದರೂ ಇದನ್ನು ಬರೆದೇ ಮಲಗಬೇಕು.

ಮಾಯರಾದ ಹೊತ್ತು ಮೀರುತ್ತಿತ್ತು. ಅತ್ತಿಗೆಯರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಪಿಸುಗುಟ್ಟುತ್ತಿದ್ದರು. ಪುರೋಹಿತರು ನನ್ನತ್ತ ನೋಡಿದರು. ಮುಂದಿನದು ನಡೆಸಿ ಎನ್ನಬೇಕು ಎನ್ನುವಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಡೋಲು ಕೇಳಿಸಿತು.

ಜೇಠಮಲ್ ಬಂದ. ಕೇಸರಿ ಪೇಟ, ಹಿಂದೆ ತಟ್ಟೆ ಹೊತ್ತ ಹೆಂಗಸರು, ಅವರಲ್ಲಿ ತಲೆ ತಗ್ಗಿಸಿದ ಇಮರತಿ. ಸ್ವಂತ ಅಕ್ಕನ ಮಾಯರಾ ತಪ್ಪಿಸಿದ ರಾಠಿ ಎನ್ನಿಸಿಕೊಂಡು ಬಜಾರಿನಲ್ಲಿ ಅಂಗಡಿ ಇಡುವುದು ಹೇಗೆ? ನನಗೆ ಅದು ಮೊದಲೇ ಹೊಳೆಯಬೇಕಿತ್ತು. ಗಂಡಿನ ಕಡೆಯವರು ಎದ್ದು ನಿಂತರು. ಹೇಮಾ ಮಹಡಿಯಿಂದ ಓಡಿ ಬಂದಳು. ಎಲ್ಲರ ಕಣ್ಣೂ ಒದ್ದೆ. ಒಬ್ಬಾಕೆಯಂತೂ "ಇಂಥ ತಮ್ಮ ಪುಣ್ಯವಿದ್ದೋರಿಗೆ ಮಾತ್ರ," ಎಂದು ಗಟ್ಟಿಯಾಗಿಯೇ ಹೇಳಿದಳು.

ಬಾಗಿಲಲ್ಲಿ ನಿಂತು ನಾನು ಅವನ ಹಣೆಗೆ ತಿಲಕವಿಟ್ಟೆ. ಅವನು ಬಾದಾಮಿ ಬಣ್ಣದ ಓಢಣಿಯನ್ನು ಬಿಡಿಸಿ ನನ್ನ ತಲೆಗೆ ಹೊದಿಸಿದ. ಹೊದಿಸುತ್ತ, ನಗುಮುಖ ಹಾಗೆಯೇ ಇಟ್ಟುಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಸೋಮವಾರ ಪೋಕರಣಕ್ಕೆ ಬರ್ತೀಯಲ್ಲ, ಜೀಜಿ?"

"ಬರ್ತೀನಿ," ಎಂದೆ. ನಾನೂ ನಗುತ್ತಲೇ ಇದ್ದೆ. "ಮಹಡಿ ಕೋಣೆಗೆ ಸುಣ್ಣ ಹೊಡೆಸಬೇಕು. ಇನ್ನು ಮೇಲೆ ಬೇಸಿಗೆಗೆಲ್ಲ ಅಲ್ಲೇ ಇರೋಣ ಅಂತಿದ್ದೀನಿ."

ನನ್ನ ತಲೆಯ ಮೇಲಿದ್ದ ಅವನ ಕೈ ಅಲ್ಲೇ ನಿಂತುಬಿಟ್ಟಿತು.

"ಚೆನ್ನಾಗಿದೆ, ಚೆನ್ನಾಗಿದೆ," ಎಂದ ಫೋಟೋದವನು. "ಇಬ್ಬರೂ ಹಾಗೇ ಇರಿ."